ಪುಟದ ತಲೆಯೊಳಗಿನ ಸಾಲು

ಮೂವರು ದಂತವೈದ್ಯರ ವೆಬ್ ಪುಟಗಳಿಗೂ ಒಂದೇ ವಾಕ್ಯ ಬರೆದುಕೊಟ್ಟದ್ದು ದೊಡ್ಡ ಡಾಕ್ಟರ ಭಾಮೈದ. ಎಲ್ಲ ತಾಪತ್ರಯಕ್ಕೂ ಅದೇ ಮೂಲ.

‘ಅಪಾರ ಅನುಭವ, ನಗುಮೊಗದ ಸೇವೆ, ನೋವೇ ಇಲ್ಲದ ಚಿಕಿತ್ಸೆ’ ಎಂಬುದು ಆ ವಾಕ್ಯ. ಆಸ್ಪತ್ರೆ ಕಟ್ಟಿ ಬೆಳೆಸಿದ ದೊಡ್ಡ ಡಾಕ್ಟರಿಗೂ ಅದೇ, ಹಲ್ಲಿನ ಬೇರಿನ ಚಿಕಿತ್ಸೆ ಮಾಡುವ ಡಾಕ್ಟರಮ್ಮನಿಗೂ ಅದೇ, ಮೊನ್ನೆ ಮೊನ್ನೆ ಓದು ಮುಗಿಸಿ ಬಂದು ಸೂಜಿ ಹಿಡಿದರೆ ತಾವೇ ಬೆವರುವ ಮರಿ ಡಾಕ್ಟರಿಗೂ ಅದೇ. ಒಂದೇ ಅಳತೆಯ ಅಂಗಿಯನ್ನು ಮನೆಮಂದಿಗೆಲ್ಲ ಹೊಲಿಸಿದ ಹಾಗೆ.

ಆಸ್ಪತ್ರೆಯ ವೆಬ್ ಪುಟಗಳನ್ನು ನೋಡಿಕೊಳ್ಳುತ್ತಿದ್ದವನನ್ನು ಅಲ್ಲಿ ಎಲ್ಲರೂ ನಿಯಮಣ್ಣ ಎಂದು ಕರೆಯುತ್ತಿದ್ದರು. ಏನು ಕೇಳಿದರೂ ಅವನು “ನಿಯಮದಲ್ಲಿ ಹೀಗಿದೆ” ಎಂದೇ ಮಾತು ಶುರುಮಾಡುತ್ತಿದ್ದ. ವೆಬ್ ಪುಟ ಹೇಗಿರಬೇಕು ಎಂಬುದಕ್ಕೆ ಜಗತ್ತೆಲ್ಲ ಒಪ್ಪಿದ ಒಂದು ನಿಯಮಾವಳಿ ಇದೆ. ಬೇರೆಯವರು ಪತ್ತೇದಾರಿ ಕಾದಂಬರಿ ಓದುವ ಆಸಕ್ತಿಯಿಂದ ಅವನು ಅದನ್ನು ಓದಿದ್ದ.

ವೆಬ್ ಪುಟವೂ ಹಲ್ಲಿದ್ದ ಹಾಗೆ. ನಕ್ಕರೆ ಕಾಣುವ ಭಾಗ ಒಂದು, ಒಸಡಿನೊಳಗೆ ಅಡಗಿರುವ ಬೇರು ಇನ್ನೊಂದು. ಪುಟದ ಬೇರಿಗೆ ‘ತಲೆ’ ಎಂದು ಹೆಸರು. ಈ ಪುಟ ಯಾವುದರ ಬಗ್ಗೆ, ಬರೆದವರು ಯಾರು ಎಂಬ ಮಾಹಿತಿ ಅಲ್ಲಿರುತ್ತದೆ. ಓದುಗರಿಗೆ ಅದು ಕಾಣುವುದಿಲ್ಲ, ಯಂತ್ರಗಳು ಓದಿಕೊಳ್ಳುತ್ತವೆ. ನಿಯಮದ ಪ್ರಕಾರ ಒಂದು ಪುಟಕ್ಕೆ ಒಂದೇ ವಿವರಣೆ ಇರಬೇಕು, ಅದು ಆ ಪುಟವನ್ನೇ ವಿವರಿಸಬೇಕು. ನಿಯಮಣ್ಣ ಭಾಮೈದನ ವಾಕ್ಯವನ್ನೇ ಮೂರೂ ಪುಟದ ತಲೆಗೆ ಹಾಕಿದಾಗ ತಪಾಸಣೆಯ ತಂತ್ರಾಂಶ ಮೂರು ಕಡೆ ಕೆಂಪು ಗುರುತು ತೋರಿಸಿ, ಇವು ಮೂರೂ ಒಂದೇ ಎಂದು ದೂರಿತು.

ಕೆಂಪು ಗುರುತು ಕಂಡರೆ ನಿಯಮಣ್ಣನಿಗೆ ಅನ್ನ ಸೇರುತ್ತಿರಲಿಲ್ಲ. ಬೇರೆ ವಾಕ್ಯ ಕೊಡಿ ಎಂದು ಭಾಮೈದನನ್ನು ಕೇಳಿ ಕೇಳಿ ಸಾಕಾಗಿ, ಸದ್ಯಕ್ಕಿರಲಿ, ಆಮೇಲೆ ತೆಗೆದರಾಯಿತು ಎಂದುಕೊಂಡು ತಾನೇ ಮೂರು ಸಾಲು ಬರೆದ. ಹೊಗಳಿಕೆಯಲ್ಲಿ ಮೂವರೂ ಒಂದೇ ಥರ ಕಾಣುತ್ತಿದ್ದರು. ನಿಜದಲ್ಲಿ ಮಾತ್ರ ಬೇರೆ ಬೇರೆಯಾಗಿದ್ದರು. ಹಾಗಾಗಿ ನಿಜವನ್ನೇ ಬರೆಯಬೇಕಾಯಿತು.

ದೊಡ್ಡ ಡಾಕ್ಟರ ಪುಟಕ್ಕೆ: ‘ಕೈ ಹಗುರ, ಮಾತು ಜಾಸ್ತಿ. ಬಾಯಿ ತೆರೆಸಿ ಪ್ರಶ್ನೆ ಕೇಳುತ್ತಾರೆ, ಉತ್ತರಕ್ಕೆ ಕಾಯುವುದಿಲ್ಲ.’

ಡಾಕ್ಟರಮ್ಮನ ಪುಟಕ್ಕೆ: ‘ಗದರುತ್ತಾರೆ. ಆದರೆ ನೋವಾಗುವುದಿದ್ದರೆ ನೋವಾಗುತ್ತದೆ ಎಂದು ಮೊದಲೇ ಹೇಳುತ್ತಾರೆ.’

ಮರಿ ಡಾಕ್ಟರ ಪುಟಕ್ಕೆ: ‘ಹೊಸಬರು. ರೋಗಿಗಿಂತ ಹೆಚ್ಚು ಹೆದರುತ್ತಾರೆ. ಆದ್ದರಿಂದ ತುಂಬ ಜೋಪಾನ.’

ತಂತ್ರಾಂಶ ತಕ್ಷಣ ಹಸಿರಾಯಿತು. ಇನ್ನೊಂದು ನಿಯಮವಿತ್ತು: ಕರ್ತೃ ಎಂಬಲ್ಲಿ ಪುಟವನ್ನು ಬರೆದವರಲ್ಲಿ ಒಬ್ಬರ ಹೆಸರಿರಬೇಕು. ಪುಟದ ಮೇಲೆ ಕಾಣುವ ಮಾತೆಲ್ಲ ಭಾಮೈದನದೇ ಆದ್ದರಿಂದ ನಿಯಮಣ್ಣ ಪ್ರಾಮಾಣಿಕವಾಗಿ ಅಲ್ಲಿ ಭಾಮೈದನ ಹೆಸರು ಹಾಕಿದ. ಹಾಕಿ ಮರೆತ. ಸಾಲುಗಳನ್ನೂ ಮರೆತ.

ಈ ಕತೆಯ ದಿನ ಬೆಳಿಗ್ಗೆ ಅವನು ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ತಲೆಯಲ್ಲಿದ್ದದ್ದು ಎರಡೇ ಚಿಂತೆ. ಒಂದು, ವೆಬ್ ಪುಟದ ಕೆಲಸ ಅವನಲ್ಲೇ ಉಳಿಯುತ್ತದೋ ಅಥವಾ ಭಾಮೈದನ ಕಂಪನಿಗೆ ಹೋಗುತ್ತದೋ ಎಂದು ದೊಡ್ಡ ಡಾಕ್ಟರು ಅಂದು ಸಂಜೆ ತೀರ್ಮಾನಿಸುವವರಿದ್ದರು. ಭಾಮೈದ ಈಗಾಗಲೇ ಕುಣಿಯುವ ಹಲ್ಲುಗಳ ಒಂದು ಮಾದರಿ ಪುಟ ತೋರಿಸಿ, ಹುಡುಕುವವರಿಗೆ ಮೊದಲು ಸಿಗಲೆಂದು ಅದರ ತಲೆಗೆ ಹಲ್ಲಿಗೆ ಸಂಬಂಧಿಸಿದ ಪದಗಳನ್ನೆಲ್ಲ ದಿಂಬಿಗೆ ಹತ್ತಿ ತುರುಕಿದ ಹಾಗೆ ತುರುಕುವುದಾಗಿ ಮಾತು ಕೊಟ್ಟಿದ್ದ. ಎರಡನೆಯ ಚಿಂತೆ, ನಿಯಮಣ್ಣನ ಎಡಗಡೆಯ ದವಡೆ ಹಲ್ಲು. ಅದು ಹಿಂದಿನ ದಿನದಿಂದ ಮಿಡಿಯುತ್ತಿತ್ತು. ಮೂವರು ಡಾಕ್ಟರ ಬಗ್ಗೆಯೂ ಚೆನ್ನಾಗಿ ಗೊತ್ತಿದ್ದರಿಂದ ಯಾರ ಕುರ್ಚಿಯಲ್ಲಿ ಕೂರಬೇಕೆಂದು ಅವನಿಗೆ ತೋಚಿರಲಿಲ್ಲ.

ಬಾಗಿಲಲ್ಲೇ ಎಕ್ಸ್‌ರೇ ಮಾವ ನಿಂತಿದ್ದರು. ಎಕ್ಸ್‌ರೇ ತೆಗೆಯುವುದು ಅವರ ಕೆಲಸ. ಎಲ್ಲದರ ಒಳಗೂ ಇಣುಕುವುದು ಸ್ವಭಾವ.

“ಬಾರಪ್ಪ ನಿಯಮಣ್ಣ. ಒಳಗೆ ಹೋಗೋ ಮುಂಚೆ ಒಂದ್ಸಲ ಫೋನ್ ನೋಡ್ಕೋ” ಎಂದರು.

“ಏನಾಯ್ತು ಮಾವ?”

“ದೊಡ್ಡ ಡಾಕ್ಟರು ಬೆಳಿಗ್ಗೆ ನಮ್ಮ ಮೂರು ಪುಟದ ಲಿಂಕನ್ನೂ ರೋಗಿಗಳ ಗುಂಪಿಗೆ ಕಳಿಸಿದಾರೆ. ಲಿಂಕಿನ ಕೆಳಗೆ ಚಿಕ್ಕ ಚೌಕ ಬರುತ್ತಲ್ಲ, ಫೋಟೋ, ಹೆಸರು, ಎರಡು ಸಾಲು ಬರಹ. ಆ ಎರಡು ಸಾಲು ಭಾರಿ ಚೆನ್ನಾಗಿವೆ.”

ನಿಯಮಣ್ಣ ಫೋನ್ ತೆಗೆದು ನೋಡಿದ. ಕಾಲ ಕೆಳಗಿನ ಮೆಟ್ಟಿಲು ಒಂದು ಅಂಗುಲ ಇಳಿದಂತಾಯಿತು. ಯಾರಿಗೂ ಕಾಣದ ತಲೆಯೊಳಗೆ ಮಲಗಿದ್ದ ಮೂರು ಸಾಲು ಊರಿಗೆಲ್ಲ ಕಾಣುವಂತೆ ಎದ್ದು ಕೂತಿದ್ದವು. ಲಿಂಕ್ ಕಳಿಸಿದಾಗ ಫೋನು ಓದುವುದು ಪುಟದ ಮೈಯನ್ನಲ್ಲ, ತಲೆಯನ್ನು. ಇದು ಅವನಿಗೆ ಗೊತ್ತಿದ್ದದ್ದೇ. ಗೊತ್ತಿದ್ದದ್ದು ಬೇಕಾದಾಗ ನೆನಪಾಗಿರಲಿಲ್ಲ, ಅಷ್ಟೆ.

ಅವನು ತನ್ನ ಮೇಜಿಗೆ ಓಡಿ ಮೂರೂ ಸಾಲುಗಳನ್ನು ಅಳಿಸಿ ‘ಅಪಾರ ಅನುಭವ’ವನ್ನೇ ಮತ್ತೆ ಹಾಕಿದ. ತಂತ್ರಾಂಶ ಕೆಂಪಾಯಿತು. ಜೀವನದಲ್ಲಿ ಮೊದಲ ಸಲ ಅವನು ಕೆಂಪನ್ನು ಕಡೆಗಣಿಸಿದ. ಚೌಕ ಬದಲಾಯಿತೇ ಎಂದು ನೋಡಲು ಮೂರು ಲಿಂಕನ್ನೂ ತನ್ನ ಅಕ್ಕನಿಗೆ ಕಳಿಸಿದ. ಆದರೆ ಅವನ ಫೋನು ಹಳೆಯದನ್ನೇ ನೆನಪಿಟ್ಟುಕೊಂಡಿತ್ತು. ಮೂರು ಹಳೆಯ ಸಾಲುಗಳೂ ಅಕ್ಕನ ಮನೆಗೆ ಹೋಗಿ ತಲುಪಿದವು.

ಅಕ್ಕ ಕೂಡಲೇ ಫೋನ್ ಮಾಡಿದಳು. “ಏನೋ ಇದು, ನಿಮ್ಮ ಆಸ್ಪತ್ರೆ ಜಾಹೀರಾತಾ? ಓದಿ ಓದಿ ನಕ್ಕೆ. ನಮ್ಮ ಕಟ್ಟಡದ ಗುಂಪಿಗೂ ಹಾಕಿದೀನಿ.”

“ಅಕ್ಕಾ, ಅದನ್ನ ಅಳಿಸು. ಈಗಲೇ ಅಳಿಸು.”

“ಅಳಿಸೋದ್ಯಾಕೆ? ಮೇಲಿನ ಮನೆಯವರು ಅವರ ಆಫೀಸಿಗೂ ಕಳಿಸಿದಾರೆ. ನಿನ್ನ ಕೆಲಸ ಉಳೀಲಿ ಅಂತ ನಾನು ಇಷ್ಟೆಲ್ಲ ಮಾಡ್ತಿರೋದು. ಒಂದು ಥ್ಯಾಂಕ್ಸ್ ಹೇಳೋದು ಬಿಟ್ಟು ಗುರ್ ಅಂತೀಯಲ್ಲ.”

ಅವನು ಥ್ಯಾಂಕ್ಸ್ ಹೇಳಿದ. ಅಷ್ಟರಲ್ಲಿ ದೊಡ್ಡ ಡಾಕ್ಟರ ಕೋಣೆಯಿಂದ ಕರೆ ಬಂತು.

ಒಳಗೆ ಮೂವರು ಡಾಕ್ಟರೂ ಇದ್ದರು. ದೊಡ್ಡ ಡಾಕ್ಟರ ಮುಖ ಒಸಡಿನ ಬಣ್ಣಕ್ಕೆ ತಿರುಗಿತ್ತು. ಡಾಕ್ಟರಮ್ಮ ಕೈಕಟ್ಟಿ ನಿಂತಿದ್ದರು. ಮರಿ ಡಾಕ್ಟರು ಕಿಟಕಿಯ ಹೊರಗೆ ನೋಡುತ್ತಿದ್ದರು. ಅವರ ಕಿವಿಗಳು ಮಾತ್ರ ಕೆಂಪಗೆ ಕಾಣುತ್ತಿದ್ದವು.

“ಏನಯ್ಯ ಇದು?” ದೊಡ್ಡ ಡಾಕ್ಟರು ಫೋನನ್ನು ಮೇಜಿನ ಮೇಲೆ ತಳ್ಳಿದರು. “ನಾನು ಉತ್ತರಕ್ಕೆ ಕಾಯಲ್ವಾ? ಹೇಳು, ನಾನು ಕಾಯಲ್ವಾ? ಯಾರು ಬರೆದಿದ್ದು ಇದನ್ನ? ನೀನಾ?”

ನಿಯಮಣ್ಣ ಬಾಯಿ ತೆರೆದ.

“ನೀನಲ್ಲದೆ ಇನ್ಯಾರು? ಆದರೂ ನಿನಗೆ ಅಷ್ಟು ಧೈರ್ಯ ಎಲ್ಲಿಂದ ಬಂತು?” ಎಂದು ದೊಡ್ಡ ಡಾಕ್ಟರು ಮುಂದುವರಿಸಿದರು.

“ನಗುಮೊಗ ಅಂತ ಹಾಕಿ ಅಂದ್ರೆ ಗದರುತ್ತಾರೆ ಅಂತ ಹಾಕಿದಾರೆ. ನಾನು ಯಾರಿಗೆ ಗದರಿದೀನಿ?” ಎಂದು ಡಾಕ್ಟರಮ್ಮ ಗದರಿದರು.

ನಿಯಮಣ್ಣ ಎರಡನೆಯ ಸಲ ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಸಂದಿಯಿಂದ ಎಕ್ಸ್‌ರೇ ಮಾವನ ತಲೆ ಒಳಗೆ ಬಂತು.

“ಡಾಕ್ಟ್ರೇ, ಪುಟದ ಒಳಗೆ ನೋಡೋದು ಹೇಗೆ ಅಂತ ನಿಯಮಣ್ಣ ಒಂದು ದಿನ ಹೇಳ್ಕೊಟ್ಟಿದ್ದ. ಮೌಸಿನ ಬಲಗಡೆ ಒತ್ತಿದ್ರೆ ಎಕ್ಸ್‌ರೇ ಥರ ಎಲ್ಲ ಕಾಣುತ್ತೆ. ಬರೆದವರ ಹೆಸರು ಅಲ್ಲೇ ಇದೆ. ಆಥರ್ ಅಂತ ಹಾಕಿ, ಮುಂದೆ ನಿಮ್ಮ ಭಾಮೈದನ ಹೆಸರಿದೆ.”

ದೊಡ್ಡ ಡಾಕ್ಟರು ಎದ್ದು ಮಾವನ ಕಂಪ್ಯೂಟರಿನ ಮುಂದೆ ಹೋಗಿ ನೋಡಿ ಬಂದರು. ಭಾಮೈದನಿಗೆ ಫೋನ್ ಮಾಡಿ ಎಲ್ಲರಿಗೂ ಕೇಳುವಂತೆ ಇಟ್ಟರು.

“ಭಾವ, ದೇವರಾಣೆ ನಾನಲ್ಲ” ಎಂದಿತು ಆ ಕಡೆಯ ದನಿ. “ನನಗೆ ಅಷ್ಟು ಚಿಕ್ಕದಾಗಿ ಬರೆಯೋಕೇ ಬರಲ್ಲ. ಬೇಕಾದ್ರೆ ನಮ್ಮಕ್ಕನ್ನೇ ಕೇಳಿ.”

“ಸಂಜೆ ಬಾ, ಮಾತಾಡೋಣ” ಎಂದು ದೊಡ್ಡ ಡಾಕ್ಟರು ಹಲ್ಲು ಕಡಿದರು. ಅವರು ಹಲ್ಲು ಕಡಿಯಬೇಡಿ ಎಂದು ದಿನವೂ ಊರಿಗೆಲ್ಲ ಉಪದೇಶ ಮಾಡುವವರು.

ಎರಡು ಸಲ ತೆರೆದಿದ್ದ ಬಾಯನ್ನು ನಿಯಮಣ್ಣ ಮೆಲ್ಲಗೆ ಮುಚ್ಚಿಕೊಂಡ. ತಾನು ಸುಳ್ಳು ಹೇಳಿಲ್ಲ, ಕೇಳಿದವರು ಉತ್ತರಕ್ಕೆ ಕಾಯಲಿಲ್ಲ, ಇದೇ ಮಾತು ಆ ಸಾಲಿನಲ್ಲೂ ಇದೆ ಎಂದು ಮನಸ್ಸಿಗೆ ಸಮಾಧಾನ ಹೇಳಿದ. ತನ್ನ ಮೇಜಿಗೆ ಬಂದು ಕೂತು, ಕರ್ತೃವಿನ ಹೆಸರು ಕಡ್ಡಾಯವಾಗಿ ಸರಿಯಾಗಿ ಹಾಕಿಸಿದ ತನ್ನ ನಿಯಮಭಕ್ತಿಗೆ ಮನಸ್ಸಿನಲ್ಲೇ ಕೈಮುಗಿದ. ಒಳಗೊಳಗೆ ಮಾತ್ರ ಏನೋ ಚುಚ್ಚುತ್ತಿತ್ತು. ಅದು ಹಲ್ಲೇ ಇರಬೇಕೆಂದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಕಾಯುವ ಕೋಣೆಯಲ್ಲಿ ಕುರ್ಚಿ ಸಾಲದಾಯಿತು.

ಮೊದಲು ಬಂದವರು ಅಕ್ಕನ ಕಟ್ಟಡದ ಒಬ್ಬ ಅಜ್ಜಿ. ಕೆನ್ನೆ ಚೆಂಡಿನ ಹಾಗೆ ಊದಿತ್ತು. ಎದುರಿಗೆ ಸಿಕ್ಕ ಡಾಕ್ಟರಮ್ಮನನ್ನೇ ತಡೆದು ಕೇಳಿದರು: “ಇಲ್ಲಿ ಗದರೋ ಡಾಕ್ಟರು ಯಾರಮ್ಮ?”

ಡಾಕ್ಟರಮ್ಮನ ಹುಬ್ಬು ಮೇಲೆದ್ದಿತು. “ನಾನೇ. ಯಾಕೆ?”

“ಅಯ್ಯೋ ತಾಯಿ, ನಿಮ್ಮನ್ನೇ ಹುಡುಕ್ಕೊಂಡು ಬಂದೆ.” ಅಜ್ಜಿ ಅವರ ಕೈ ಹಿಡಿದುಕೊಂಡರು. “ಹೋದಲ್ಲೆಲ್ಲ ನೋವಾಗಲ್ಲ ನೋವಾಗಲ್ಲ ಅಂತಾರೆ, ಆಮೇಲೆ ಜೀವ ಹೋಗೋ ಹಾಗೆ ನೋಯುತ್ತೆ. ಸುಳ್ಳು ಹೇಳೋರ ಮುಂದೆ ಬಾಯಿ ತೆರೆಯೋಕೆ ನನಗೆ ಭಯ. ಅದಕ್ಕೇ ಈ ಸಲ ಎಲ್ಲೂ ಹೋಗದೆ ಸುಮ್ನಿದ್ದೆ. ನೀವು ಗದರಿ, ಪರವಾಗಿಲ್ಲ.”

ಡಾಕ್ಟರಮ್ಮ ಅಜ್ಜಿಯ ಭುಜ ಹಿಡಿದು ಒಳಗೆ ಕರೆದೊಯ್ದರು. “ಇಷ್ಟು ದಿನ ಯಾಕೆ ಬಿಟ್ರಿ, ಬುದ್ಧಿ ಬೇಡ್ವಾ” ಎಂಬ ಗದರಿಕೆ ಹೊರಗೂ ಕೇಳಿಸಿತು. ಅದರ ಹಿಂದೆಯೇ “ಈಗ ನೋವಾಗುತ್ತೆ. ಸ್ವಲ್ಪ ಹೊತ್ತು. ನನ್ನ ಕೈ ಹಿಡ್ಕೊಳ್ಳಿ” ಎಂಬುದೂ ಕೇಳಿಸಿತು. ಅಜ್ಜಿ ಹೊರಗೆ ಬರುವಾಗ ಕಣ್ಣು ಒದ್ದೆಯಾಗಿತ್ತು, ಡಾಕ್ಟರಮ್ಮನದೂ.

ಮರಿ ಡಾಕ್ಟರ ಬಾಗಿಲಲ್ಲಿ ಇನ್ನೂ ದೊಡ್ಡ ಸಾಲು. ಹಲ್ಲಿನ ಕುರ್ಚಿ ಕಂಡರೆ ನಡುಗುವವರು ಈ ಊರಿನಲ್ಲಿ ಎಷ್ಟು ಜನ ಇದ್ದಾರೆಂದು ಆ ದಿನ ಗೊತ್ತಾಯಿತು. “ನಮ್ಮ ಥರಾನೇ ಹೆದರೋ ಡಾಕ್ಟರು ಇದಾರಂತಲ್ಲ, ಅವರೇ ಬೇಕು” ಎಂದು ಒಬ್ಬ ದಪ್ಪ ಮೀಸೆಯ ಲಾರಿ ಡ್ರೈವರು ಪಟ್ಟು ಹಿಡಿದು ಕೂತಿದ್ದ. ಇಬ್ಬರೂ ಪರಸ್ಪರ ಧೈರ್ಯ ಹೇಳಿಕೊಂಡು ಒಂದು ಹಲ್ಲು ಕಿತ್ತರು. ಅದಾದ ಮೇಲೆ ಮರಿ ಡಾಕ್ಟರು ಸೂಜಿ ಹಿಡಿದರೆ ಬೆವರುವುದು ನಿಂತಿತು.

ಆದರೆ ನಿಜವಾದ ಘಟನೆ ನಡೆದದ್ದು ದೊಡ್ಡ ಡಾಕ್ಟರ ಕುರ್ಚಿಯಲ್ಲಿ. ಅಲ್ಲಿ ಕೂತಿದ್ದವರು ಶಾಲೆಯೊಂದರ ನಿವೃತ್ತ ಗಣಿತದ ಮೇಷ್ಟ್ರು. ದೊಡ್ಡ ಡಾಕ್ಟರು ಎಂದಿನಂತೆ ಅವರ ಬಾಯಿಗೆ ಎರಡು ಉಪಕರಣ ಇಟ್ಟು, “ನೋವು ಈ ಹಲ್ಲೇ ತಾನೆ? ಇದೇ ಇರಬೇಕು. ತೆಗೆದುಬಿಡೋಣ” ಎಂದು ಇಕ್ಕಳಕ್ಕೆ ಕೈ ಚಾಚಿದರು. ಮೇಷ್ಟ್ರು ಮಾತಾಡಲಾಗದೆ ತಮ್ಮ ಫೋನನ್ನು ಎತ್ತಿ ಡಾಕ್ಟರ ಮೂಗಿನ ಮುಂದೆ ಹಿಡಿದು, ‘ಉತ್ತರಕ್ಕೆ ಕಾಯುವುದಿಲ್ಲ’ ಎಂಬ ಮಾತಿನ ಮೇಲೆ ಬೆರಳಿಟ್ಟರು. ಪರೀಕ್ಷೆಯಲ್ಲಿ ತಪ್ಪು ಲೆಕ್ಕ ತೋರಿಸುವ ಹಾಗೆ.

ದೊಡ್ಡ ಡಾಕ್ಟರು ಸಿಟ್ಟಿನಿಂದಲೇ ಉಪಕರಣ ಹೊರತೆಗೆದು, ಬಹುಶಃ ಮೊದಲ ಸಲ, ಕಾದರು.

“ನೋವಿರೋದು ಅದಲ್ಲ ಡಾಕ್ಟ್ರೇ, ಅದರ ಪಕ್ಕದ್ದು” ಎಂದರು ಮೇಷ್ಟ್ರು.

ದೊಡ್ಡ ಡಾಕ್ಟರು ಮತ್ತೆ ಎಕ್ಸ್‌ರೇ ನೋಡಿದರು. ಮೇಷ್ಟ್ರು ಹೇಳಿದ್ದೇ ಸರಿ. ಒಳ್ಳೆಯ ಹಲ್ಲೊಂದು ಕೂದಲೆಳೆಯಲ್ಲಿ ಉಳಿದಿತ್ತು. ಅವರು ಮೇಷ್ಟ್ರಿಗೆ ಎರಡೂ ಕೈ ಜೋಡಿಸಿದರು. “ನನಗೆ ಕೈ ಮುಗೀಬೇಡಿ. ಆ ಸಾಲು ಬರೆದವರಿಗೆ ಮುಗೀರಿ” ಎಂದರಂತೆ ಮೇಷ್ಟ್ರು. ಎಕ್ಸ್‌ರೇ ಮಾವ ಬಾಗಿಲ ಸಂದಿಯಲ್ಲಿದ್ದು ಇದನ್ನೆಲ್ಲ ಕೇಳಿಸಿಕೊಂಡು ಬಂದು ನಿಯಮಣ್ಣನಿಗೆ ಅಕ್ಷರಶಃ ವರದಿ ಒಪ್ಪಿಸಿದರು.

ಬೆಳಿಗ್ಗೆ ಅಳಿಸಿದ ಸಾಲುಗಳು ಸಂಜೆಗೆ ಇಷ್ಟೊಂದು ಜನರ ಉಪಕಾರಕ್ಕೆ ಬಂದದ್ದು ನೆನೆದು ನಿಯಮಣ್ಣನಿಗೆ ನಿಯಮಾವಳಿಯ ಮೇಲೆ, ಅಜ್ಜಿಯ ಮೇಲೆ, ಮೇಷ್ಟ್ರ ಮೇಲೆ, ಕೊನೆಗೆ ಎಲ್ಲರಿಗೂ ಕಳಿಸಿಬಿಟ್ಟ ಅಕ್ಕನ ಮೇಲೂ ಪ್ರೀತಿ ಉಕ್ಕಿತು. ಸಂಜೆ ಎಲ್ಲರ ಮುಂದೆ ‘ಅದು ನಾನೇ’ ಎಂದುಬಿಡಬೇಕು. ಕೆಲಸವೂ ಉಳಿಯುತ್ತದೆ, ಚುಚ್ಚುವುದೂ ನಿಲ್ಲುತ್ತದೆ ಎಂದು ನಿರ್ಧರಿಸಿದ.

“ಅದೇನಯ್ಯ ಕೆನ್ನೆ ಹಿಡ್ಕೊಂಡು ಕೂತಿದೀಯ?” ಎಂದರು ಮಾವ. ಅವರ ಕಣ್ಣಿಗೆ ಬೀಳದ್ದು ಯಾವುದೂ ಇರಲಿಲ್ಲ.

“ಏನಿಲ್ಲ ಮಾವ.”

“ಏನಿಲ್ಲ ಅನ್ನೋ ಕೆನ್ನೆ ಹೀಗಿರಲ್ಲ. ಏಳು.” ಎರಡೇ ನಿಮಿಷದಲ್ಲಿ ಹಲ್ಲಿನ ಎಕ್ಸ್‌ರೇ ಮುಗಿಸಿ ಅವನನ್ನು ಮರಿ ಡಾಕ್ಟರ ಕುರ್ಚಿಗೆ ದಬ್ಬಿದರು. “ಡಾಕ್ಟ್ರೇ, ಇವನೊಬ್ಬ ಬಾಕಿ. ನಮ್ಮ ಮನೆ ಹುಡುಗ, ಸರಿಯಾಗಿ ನೋಡಿ.”

ಮರಿ ಡಾಕ್ಟರ ಮುಖದಲ್ಲಿ ಹೊಸ ಕಳೆ ಇತ್ತು. “ಭಯಪಡಬೇಡಿ ನಿಯಮಣ್ಣ. ನನಗೂ ಈಗ ಅಷ್ಟಿಲ್ಲ” ಎನ್ನುತ್ತ ಸೂಜಿ ಚುಚ್ಚಿದರು. ಗೊತ್ತೇ ಆಗಲಿಲ್ಲ. “ನಿಮಗೊಂದು ಮಾತು ಹೇಳ್ಲಾ? ಬೆಳಿಗ್ಗೆ ಆ ಸಾಲು ಓದಿ ಊರು ಬಿಟ್ಟು ಹೋಗೋಣ ಅನ್ನಿಸಿತ್ತು. ಈಗ ನೋಡಿ, ಹೆದರಿಕೆ ಮುಚ್ಚಿಡಬೇಕಾಗಿಲ್ಲ ಅಂತಾದ್ಮೇಲೆ ಹೆದರಿಕೇನೇ ಹೋಯ್ತು. ಬರೆದವರು ಯಾರೇ ಆಗಿರಲಿ, ಅವರ ಋಣ ನಾನು ತೀರಿಸೋಕಾಗಲ್ಲ.”

ನಾನೇ, ನಾನೇ ಎಂದು ನಿಯಮಣ್ಣ ಕಣ್ಣಲ್ಲಿ ಹೇಳಿದ. ಬಾಯಿ ಪೂರ್ತಿ ತೆರೆದೇ ಇತ್ತು. ಮಾತಿಗೆ ಮಾತ್ರ ಅಲ್ಲಿ ಜಾಗವಿರಲಿಲ್ಲ.

ಹಲ್ಲು ಹೊರಗೆ ಬಂತು. ಆ ಜಾಗಕ್ಕೆ ದಪ್ಪನೆಯ ಹತ್ತಿ ಇಟ್ಟು, “ಗಟ್ಟಿಯಾಗಿ ಕಚ್ಚಿಕೊಳ್ಳಿ. ಬಾಯಿ ತೆರೀಬೇಡಿ, ಮಾತಾಡ್ಲೇಬೇಡಿ. ಮನೆಗೆ ಹೋಗೋವರೆಗೂ” ಎಂದರು ಮರಿ ಡಾಕ್ಟರು. ನಾಲಿಗೆ, ತುಟಿ, ಅರ್ಧ ಮುಖ ಯಾರದೋ ಮನೆಯದಾಗಿ ಹೋಗಿತ್ತು.

ಅದೇ ಹೊತ್ತಿಗೆ ದೊಡ್ಡ ಡಾಕ್ಟರು ಎಲ್ಲರನ್ನೂ ಕರೆದರು.

ಭಾಮೈದ ಆಗಷ್ಟೇ ಬಂದು ಬಾಗಿಲ ಬಳಿ ಕೈಕಟ್ಟಿ, ಕತ್ತು ತಗ್ಗಿಸಿ ನಿಂತಿದ್ದ. “ಭಾವ, ಆ ಸಾಲು ನಾನು…” ಎಂದು ಶುರುಮಾಡಿದ.

ದೊಡ್ಡ ಡಾಕ್ಟರು ಎದ್ದು ಬಂದು ಅವನನ್ನು ತಬ್ಬಿಕೊಂಡರು. “ಕಣ್ಣು ತೆರೆಸಿಬಿಟ್ಟೆಯಲ್ಲೋ. ಇಷ್ಟು ವರ್ಷದಲ್ಲಿ ಯಾರೂ ನನ್ನೆದುರಿಗೆ ಹೇಳದೇ ಇದ್ದ ಮಾತು. ಇವತ್ತು ಒಬ್ಬರ ಒಳ್ಳೆ ಹಲ್ಲು ಉಳೀತು, ನಿನ್ನಿಂದ.”

ಭಾಮೈದ ಭಾವನ ಭುಜದ ಮೇಲಿಂದ ಎಲ್ಲರ ಮುಖ ನೋಡಿದ. ಡಾಕ್ಟರಮ್ಮ ನಗುತ್ತಿದ್ದರು. ಮರಿ ಡಾಕ್ಟರು ಕೈ ಮುಗಿದರು. ಭಾಮೈದನ ಮುಖ ಮಂದವಾಗಿದ್ದ ಪರದೆಯ ಬೆಳಕು ಏರಿಸಿದ ಹಾಗೆ ನಿಧಾನವಾಗಿ ಹೊಳೆಯತೊಡಗಿತು.

“…ನಾನು ಬೆಳಿಗ್ಗೆ ಸಂಕೋಚಕ್ಕೆ ‘ನಾನಲ್ಲ’ ಅಂದೆ ಭಾವ” ಎಂದ. “ಚಿಕ್ಕದಾಗಿ ಬರೆಯೋದು ಎಷ್ಟು ಕಷ್ಟ ಅಂತ ಬರೆಯೋರಿಗೇ ಗೊತ್ತು.”

“ಉಂ! ಊಂ!” ಎಂದ ನಿಯಮಣ್ಣ.

“ಇವನಿಗೇನಾಯ್ತು?” ಎಂದು ದೊಡ್ಡ ಡಾಕ್ಟರು ತಿರುಗಿದರು. “ಹಾಂ, ನಿನ್ನ ವಿಷಯ ಒಂದಿದೆ. ಬೆಳಿಗ್ಗೆ ಬಂದವನೇ ಆ ಸಾಲುಗಳನ್ನೆಲ್ಲ ಅಳಿಸಿ ಹಾಕಿದೆಯಂತೆ. ಮಾವ ಒಳಗೆ ನೋಡಿ ಹೇಳಿದರು. ಒಬ್ಬರು ಕಷ್ಟಪಟ್ಟು ಬರೆದದ್ದನ್ನ ಕೇಳದೆ ಅಳಿಸಬಹುದಾ? ನಿಯಮದಲ್ಲಿ ಹಾಗಿದೆಯಾ?”

ನಿಯಮಣ್ಣ ಬರೆದು ತೋರಿಸೋಣವೆಂದು ಮೇಜಿನ ಮೇಲಿದ್ದ ಪೆನ್ನು, ಹಾಳೆ ಎಳೆದುಕೊಂಡ. ದೊಡ್ಡ ಡಾಕ್ಟರು ಅವನ ಕೈಯಿಂದ ಪೆನ್ನನ್ನು ಪ್ರೀತಿಯಿಂದ ಕಿತ್ತುಕೊಂಡರು. “ರಾಜೀನಾಮೆ ಗೀಜೀನಾಮೆ ಬರೀಬೇಡ ಕಣಯ್ಯ. ನಿನ್ನ ತೆಗೆಯಲ್ಲ. ವೆಬ್ ಪುಟದ ಕೆಲಸ ಇನ್ಮೇಲೆ ಇವನ ಕಂಪನಿಗೆ. ನೀನು ಇವನ ಕೈಕೆಳಗೆ ಇರು. ಆ ಹಳೇ ಸಾಲುಗಳನ್ನ ವಾಪಸ್ ಹಾಕು. ಚಿಕಿತ್ಸೆಯ ಪುಟ ಇನ್ನೂ ಎಷ್ಟೊಂದು ಇವೆ, ಒಂದೊಂದಕ್ಕೂ ಇದೇ ಥರ ಸಾಲು ಬೇಕು. ಇವನು ಹೇಳ್ತಾನೆ, ನೀನು ಬರ್ಕೋ.”

“ನಾನ್ಯಾಕೆ ಹೇಳಬೇಕು ಭಾವ, ಅವನೇ ಬರೀಲಿ” ಎಂದ ಭಾಮೈದ ಔದಾರ್ಯದಿಂದ. “ಕಲೀಲಿ. ನಾನು ಹೆಸರು ಹಾಕಿ ಕೊಡ್ತೀನಿ.”

“ಅದೂ ಸರಿ.” ದೊಡ್ಡ ಡಾಕ್ಟರು ಕುರ್ಚಿ ಎಳೆದು ನಿಯಮಣ್ಣನ ಎದುರಿಗೆ ಕೂತರು. ದನಿ ಮೆತ್ತಗಾಯಿತು. “ಇವತ್ತಿಂದ ನಾನು ಬದಲಾಗಿದೀನಿ. ಪ್ರಶ್ನೆ ಕೇಳಿದ್ರೆ ಉತ್ತರಕ್ಕೆ ಕಾಯ್ತೀನಿ. ನೀನು ಏನಾದ್ರೂ ಹೇಳೋದಿದೆಯಾ?”

ಅವರು ಕಾದರು. ನಿಜವಾಗಿಯೂ ಕಾದರು. ಗೋಡೆಯ ಗಡಿಯಾರದ ಸದ್ದು ಕೇಳಿಸುವಷ್ಟು ಹೊತ್ತು, ನಿಯಮಣ್ಣನ ಕಣ್ಣುಗಳನ್ನೇ ನೋಡುತ್ತ ತಾಳ್ಮೆಯಿಂದ ಕಾದರು.

ನಿಯಮಣ್ಣ ಮರಿ ಡಾಕ್ಟರತ್ತ ನೋಡಿದ. ಅವರು ಗಾಬರಿಯಿಂದ ತುಟಿಯ ಮೇಲೆ ಬೆರಳಿಟ್ಟು, ಬಾಯಿ ತೆರೆಯಬೇಡಿ ಎಂದು ಸನ್ನೆ ಮಾಡಿದರು. ಆದರೂ ಅವನು ಶಕ್ತಿಮೀರಿ ಪ್ರಯತ್ನಿಸಿದ. “ಅಉ… ಆಏ… ಅಎಅಉ…”

“ಕೇಳಿಸ್ತಾ?” ದೊಡ್ಡ ಡಾಕ್ಟರ ಕಣ್ಣು ತುಂಬಿ ಬಂತು. ಭಾಮೈದನ ಕಡೆ ತಿರುಗಿ ಹೇಳಿದರು: “ಬಾಯಲ್ಲಿ ಹತ್ತಿ ಇಟ್ಕೊಂಡೂ ನಿನಗೆ ಥ್ಯಾಂಕ್ಸ್ ಹೇಳ್ತಿದಾನೆ ಪಾಪ.”

ಡಾಕ್ಟರೆಲ್ಲ ಹೋದ ಮೇಲೆ ನಿಯಮಣ್ಣ ತನ್ನ ಮೇಜಿಗೆ ಬಂದು ಮೂರು ಸಾಲುಗಳನ್ನೂ ವಾಪಸ್ ಹಾಕಿದ. ತಂತ್ರಾಂಶ ಹಸಿರಾಯಿತು. ಆದರೆ ಆ ವಿವರಣೆ ಈಗ ಪೂರ್ತಿ ನಿಜವಾಗಿರಲಿಲ್ಲ. ವಸ್ತು ಬದಲಾದರೆ ವಿವರಣೆಯೂ ಬದಲಾಗಬೇಕು. ದೊಡ್ಡ ಡಾಕ್ಟರ ಸಾಲನ್ನು ‘ಉತ್ತರಕ್ಕೆ ಕಾಯುತ್ತಾರೆ’ ಎಂದು ತಿದ್ದಿದ. ಮರಿ ಡಾಕ್ಟರ ಪುಟಕ್ಕೆ ‘ಈಗ ಹೆದರುವುದಿಲ್ಲ, ಜೋಪಾನ ಮಾತ್ರ ಹಾಗೆಯೇ ಇದೆ’ ಎಂದು ಬರೆದ. ಹಲ್ಲು ಕಿತ್ತ ಜಾಗದಲ್ಲಿ ನಾಲಿಗೆ ಆಡಿಸಬಾರದೆಂದು ನೆನಪಿಸಿಕೊಂಡ. ನೋವು ಸ್ವಲ್ಪವೂ ಇರಲಿಲ್ಲ. ಅದಕ್ಕಾಗಿ ಅವನಿಗೆ ಮರಿ ಡಾಕ್ಟರ ಮೇಲೆ ನಿಜವಾಗಿಯೂ ಕೃತಜ್ಞತೆ ಇತ್ತು.

ಕರ್ತೃವಿನ ಸಾಲಿನ ಮೇಲೆ ಬಂದಾಗ ಬೆರಳು ನಿಂತಿತು. ಬರೆದವರಲ್ಲಿ ತಾನೂ ಒಬ್ಬ, ಅಲ್ಲಿ ತನ್ನ ಹೆಸರು ಹಾಕಿದರೂ ನಿಯಮ ಮುರಿಯುವುದಿಲ್ಲ. ಅವನು ಭಾಮೈದನ ಹೆಸರಿನ ಕೊನೆಯ ಅಕ್ಷರ ಅಳಿಸಿದ.

“ಏನಪ್ಪ, ಮತ್ತೆ ಅಳಿಸ್ತಿದೀಯಾ?” ಹಿಂದಿನಿಂದ ಎಕ್ಸ್‌ರೇ ಮಾವನ ದನಿ ಬಂತು.

ಅವನು ಆ ಅಕ್ಷರವನ್ನು ವಾಪಸ್ ಹಾಕಿ ಪುಟ ಉಳಿಸಿದ.

ಮನೆಯ ದಾರಿಯಲ್ಲಿ ಅಕ್ಕನ ಫೋನ್ ಬಂತು. “ಕೆಲಸ ಉಳೀತಂತಲ್ಲೋ. ನಿಮ್ಮ ಎಕ್ಸ್‌ರೇ ಮಾವ ಎಲ್ಲ ಹೇಳಿದ್ರು. ಆ ಸಾಲು ಬರೆದದ್ದು ಡಾಕ್ಟರ ಭಾಮೈದನಂತೆ? ಎಂಥ ಬುದ್ಧಿವಂತ. ನಮ್ಮ ಕಟ್ಟಡದ ಅಜ್ಜಿ ಅವನ ಹೆಸರು ಹೇಳಿ ದೀಪ ಹಚ್ಚಿದಾರೆ. ನೀನೂ ಇದೀಯ, ಇಷ್ಟು ವರ್ಷ ನಿಯಮ ನಿಯಮ ಅಂತ. ಅಂಥವರ ಕೈಕೆಳಗೆ ಇರೋಕೆ ಪುಣ್ಯ ಬೇಕು. ನಾಳೆ ಹೋದ ತಕ್ಷಣ ಅವನಿಗೊಂದು ಥ್ಯಾಂಕ್ಸ್ ಹೇಳು. ಹೇಳ್ತೀಯ ತಾನೆ?”

“ಊಂ” ಎಂದ ನಿಯಮಣ್ಣ.